ಬೇಡ ಅಂದರೆ ಬೇಡವೇ: ಜರ್ಮನ್ ಅತ್ತೆಮನೆಗೆ ಮೊದಲ ಸಲ

ವಿದೇಶಿ ಸಂಗಾತಿಯ ಊರಿಗೆ ಮೊದಲ ಬಾರಿ ಹೊರಟವರು ಕಳಿಸಿದ ಪ್ರಶ್ನೆಗಳಲ್ಲಿ ಈ ಸಲ ಜರ್ಮನಿಯವನ್ನು ಎತ್ತಿಕೊಂಡಿದ್ದೇವೆ. ಅಲ್ಲಿ ಸಂಸಾರ ಮಾಡಿ ಪಳಗಿದವರು ಉತ್ತರಿಸಿದ್ದಾರೆ.

ಗಂಡ ಜರ್ಮನ್ ಪ್ರಜೆ. ಇಬ್ಬರಿಗೂ ಬೆಂಗಳೂರಲ್ಲೇ ಕೆಲಸ. ಜೂನ್‌ನಲ್ಲಿ ಮೂರು ವಾರ ಅವರ ಊರಿಗೆ ಹೋಗಬೇಕೆಂದಿದ್ದೇವೆ. ಗಂಡ ಅಲ್ಲಿಯವರೇ ಆದರೂ ನನಗೆ ವೀಸಾ ಬೇಕೇ? ಜನ ಎಲ್ಲಿ ಎಡವುತ್ತಾರೆ?
*— ಮೈಸೂರಿನ ಓದುಗಿ*

ಬೇಕು. ಮದುವೆಯಿಂದ ವೀಸಾ ತಾನಾಗಿ ಬರುವುದಿಲ್ಲ. ನಿಮಗೆ ಬೇಕಾದದ್ದು ಅಲ್ಪಾವಧಿಯ ಷೆಂಗೆನ್ ವೀಸಾ, ಅಂದರೆ ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾ. ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, 15 ದಿನ ಇರುವಾಗ ಬಾಗಿಲು ಮುಚ್ಚುತ್ತದೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟೇ ಸಿಗುವುದಿಲ್ಲ. ಜೂನ್‌ಗೆ ಹೋಗುವವರು ಸಂಕ್ರಾಂತಿ ಮುಗಿದ ಕೂಡಲೇ ಕೂತು ಬುಕ್ ಮಾಡಿ.

ಪಾಸ್‌ಪೋರ್ಟ್ ಕೊಟ್ಟು 10 ವರ್ಷ ಮೀರಿರಬಾರದು. ವಾಪಸ್ ಹೊರಡುವ ದಿನದ ನಂತರವೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚು ಭರಿಸುವಂಥದ್ದಾಗಿರಬೇಕು. ವಯಸ್ಕರ ಸಾಮಾನ್ಯ ಶುಲ್ಕ 90 ಯೂರೊ. ಪತಿ ಅಥವಾ ಪತ್ನಿ ಎಂಬ ಕಾರಣಕ್ಕೆ ವಿನಾಯಿತಿ ಸಿಗುವುದೇ ಎಂದು ಮದುವೆ ಪ್ರಮಾಣಪತ್ರ ತೋರಿಸಿ ಕೌಂಟರಿನಲ್ಲೇ ಕೇಳಿ. ಕೇಳದೆ ಕಟ್ಟಬೇಡಿ.

ಎಡವುವುದು ಎರಡು ಕಡೆ. ಮೊದಲನೆಯದು, ಸುಲಭವೆಂದು ಉದ್ದೇಶದ ಜಾಗದಲ್ಲಿ "ಪ್ರವಾಸ" ಅಂತ ಗುರುತು ಹಾಕಿ, ಉಳಿಯುವ ವಿಳಾಸಕ್ಕೆ ಅತ್ತೆಮನೆಯದನ್ನು ಬರೆಯುವುದು. ಕುಟುಂಬ ಭೇಟಿ ಎಂದೇ ಬರೆಯಿರಿ. ಗಂಡನ ಪಾಸ್‌ಪೋರ್ಟ್ ಪ್ರತಿ, ಮದುವೆ ಪ್ರಮಾಣಪತ್ರ, ಅತ್ತೆ-ಮಾವನ ಆಹ್ವಾನ ಪತ್ರ ಲಗತ್ತಿಸಿ. ಎರಡನೆಯದು ದೊಡ್ಡದು. ಗಂಡ ಜರ್ಮನ್ ಅಂದ ಕೂಡಲೇ ಅಧಿಕಾರಿಗೆ ಬರುವ ಪ್ರಶ್ನೆ, ಇವರು ವಾಪಸ್ ಬರುತ್ತಾರೆಯೇ ಎಂಬುದು. ನಿಮ್ಮ ಕಂಪನಿಯ ರಜೆ ಮಂಜೂರಾತಿ ಪತ್ರ, ಸಂಬಳದ ಚೀಟಿ, ಬ್ಯಾಂಕ್ ವಿವರ ಇವೆಲ್ಲ ಎಲ್ಲರೂ ಇಡುತ್ತಾರೆ. ಗಂಡನೂ ಬೆಂಗಳೂರಲ್ಲೇ ಇದ್ದಾರೆ ಎಂದು ತೋರಿಸುವ ಮನೆ ಬಾಡಿಗೆ ಕರಾರು ಮತ್ತು ಅವರ ಭಾರತದ ವೀಸಾ ಪ್ರತಿಯನ್ನು ಬಹಳ ಜನ ಮರೆಯುತ್ತಾರೆ. ನಿಮ್ಮಂಥವರಿಗೆ ಅವೇ ಗಟ್ಟಿ ಸಾಕ್ಷಿ.

ಖರ್ಚು ಅತ್ತೆ-ಮಾವ ನೋಡಿಕೊಳ್ಳುವುದಾದರೆ ಬಾಯಿಮಾತು ಅಥವಾ ಸಾದಾ ಪತ್ರ ನಡೆಯದು. ಅವರು ತಮ್ಮ ಊರಿನ ವಿದೇಶೀಯರ ಕಚೇರಿಯಲ್ಲಿ 29 ಯೂರೊ ಕಟ್ಟಿ, ಖರ್ಚಿನ ಹೊಣೆ ಹೊರುವ ಅಧಿಕೃತ ಘೋಷಣೆ ಮಾಡಿಸಬೇಕು. ಅದರ ಮೂಲ ಪ್ರತಿ ಕೊರಿಯರ್‌ನಲ್ಲಿ ನಿಮ್ಮ ಕೈಗೆ ಬರಬೇಕು. ಇನ್ನೊಂದು ಮಾತು: ಅರ್ಜಿ ತಿರಸ್ಕೃತವಾದರೆ ಪತ್ರ ಬರೆದು ಮರುಪರಿಶೀಲನೆ ಕೇಳುವ ಹಳೆಯ ದಾರಿ 2025ರ ಜುಲೈ 1ರಿಂದ ಇಲ್ಲ. ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನ ಕೋರ್ಟಿಗೆ ಹೋಗಬೇಕು. ಹಾಗಾಗಿ ಮೊದಲ ಸಲವೇ ಕಾಗದ ಪತ್ರ ಸರಿಯಾಗಿರಲಿ.

ಅಳಿಯನ ಅಪ್ಪ-ಅಮ್ಮನಿಗೆ, ಗೆಳೆಯರಿಗೆ ಧಾರವಾಡ ಪೇಡೆ, ತುಪ್ಪ, ಕಾಫಿಪುಡಿ, ಮಾವಿನಹಣ್ಣು ಕಳಿಸಬೇಕೆಂದಿದ್ದೇನೆ. ಮಗಳು ಎಲ್ಲದಕ್ಕೂ ಬೇಡ ಅನ್ನುತ್ತಾಳೆ.
*— ಹುಬ್ಬಳ್ಳಿಯ ಓದುಗಿ*

ಪೇಡೆ ಮತ್ತು ತುಪ್ಪದ ವಿಷಯದಲ್ಲಿ ಮಗಳು ಹೇಳುವುದೇ ಸರಿ ತಾಯಿ. ಹೊರದೇಶದಿಂದ ಬರುವ ಪ್ರಯಾಣಿಕರು ಹಾಲು, ಮಾಂಸ ಮತ್ತು ಅವುಗಳಿಂದ ಮಾಡಿದ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಕಸ್ಟಮ್ಸ್‌ನವರು ಪೆಟ್ಟಿಗೆ ತೆರೆಸಿದರೆ ಪೇಡೆ ನೇರ ಕಸದ ಡಬ್ಬಿಗೆ. ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಹಸಿ ಕರಿಬೇವಿಗೂ ಅದೇ ಗತಿ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡುರಿಯನ್ ಹಣ್ಣಿಗೆ ಮಾತ್ರ ಆ ಕಾಗದ ಬೇಡ. ವಿಮಾನದಲ್ಲಿ ಬರುವವರು ತರುವ ಉಡುಗೊರೆ, ಸಾಮಾನಿಗೆ ತಲಾ 430 ಯೂರೊವರೆಗೆ ಸುಂಕವಿಲ್ಲ.

ಕಾಫಿ ಖಂಡಿತ ಕಳಿಸಿ, ಆದರೆ ಚಿಕೋರಿ ಬೆರೆಸಿದ್ದು ಬೇಡ. ನಮಗೆ ಚಿಕೋರಿ ಎಂದರೆ ಡಿಕಾಕ್ಷನ್ನಿನ ಗಟ್ಟಿತನ. ಜರ್ಮನಿಯ ಹಿರಿಯರಿಗೆ ಅದು ಯುದ್ಧಕಾಲದ ಬಡತನದ ನೆನಪು, ನಿಜವಾದ ಕಾಫಿ ಸಿಗದೆ ಕುಡಿದ ಬದಲಿ ಪೇಯ. ಜತೆಗೆ ನಮ್ಮ ಫಿಲ್ಟರ್‌ಗೆ ಬೀಸಿದ ನಯವಾದ ಪುಡಿ ಅವರ ಕಾಗದದ ಫಿಲ್ಟರಿನಲ್ಲಿ ಕಟ್ಟಿಕೊಂಡು ನೀರು ಇಳಿಯುವುದೇ ಇಲ್ಲ. ಚಿಕ್ಕಮಗಳೂರು ಅಥವಾ ಕೊಡಗಿನ ಹುರಿದ ಬೀಜವನ್ನು ಬೀಸದೆ, ಕಾಲು ಕೆಜಿ ಪೊಟ್ಟಣಗಳಲ್ಲಿ ಕೊಡಿ. ಮನೆಯಲ್ಲಿ ಕಾಫಿಬೀಜ ಬೀಸುವ ಯಂತ್ರ ಇದೆಯೇ ಎಂದು ಅಳಿಯನನ್ನು ಮೊದಲು ಕೇಳಿ. ಗೆಳೆಯರಿಗೆ ಚನ್ನಪಟ್ಟಣದ ಮರದ ಆಟಿಕೆ, ಮೈಸೂರು ಗಂಧದ ಸೋಪು ಸಾಕು. ದುಬಾರಿ ಉಡುಗೊರೆ ಕೊಟ್ಟರೆ ಪ್ರತಿಯಾಗಿ ಏನು ಕೊಡುವುದೆಂದು ಅವರಿಗೆ ಮುಜುಗರ.

ಅತ್ತೆ-ಮಾವನನ್ನು ಹೆಸರು ಹಿಡಿದು ಕರೆಯಬೇಕಂತೆ. ನಾಲಿಗೆ ಏಳುವುದಿಲ್ಲ. ಕಾಲಿಗೆ ನಮಸ್ಕರಿಸಬಹುದೇ?
*— ಶಿವಮೊಗ್ಗದ ಓದುಗಿ*

ಜರ್ಮನ್‌ನಲ್ಲಿ ನಮ್ಮ ನೀನು-ನೀವು ಥರವೇ "ಡು" ಮತ್ತು "ಸೀ" ಇವೆ. ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ಕನ್ನಡಿಗರಿಗೆ ಇದು ಬೇಗ ಅರ್ಥವಾಗುತ್ತದೆ. ವ್ಯತ್ಯಾಸ ಒಂದೇ. ನಮ್ಮಲ್ಲಿ ಅತ್ತೆಗೆ ಜೀವನಪೂರ್ತಿ "ನೀವು". ಅಲ್ಲಿ ಸೊಸೆಗೆ ಬಹುಪಾಲು ಮೊದಲ ದಿನವೇ "ಡು" ಮತ್ತು ಹೆಸರು. ಅದು ಸದರವಲ್ಲ, ಮನೆಯವಳಾಗಿ ಒಪ್ಪಿಕೊಂಡ ಗುರುತು. ಯಾವಾಗಿನಿಂದ "ಡು" ಎಂದು ಹೇಳುವ ಹಕ್ಕು ಹಿರಿಯರದು. ಅವರಾಗಿ ಹೇಳುವವರೆಗೆ ಕಾಯಿರಿ. ಹೇಳಿದ ಮೇಲೂ "ಸೀ" ಎನ್ನುತ್ತಿದ್ದರೆ ದೂರ ಇಟ್ಟಂತೆ. ಗಂಡನ ಓರಗೆಯ ಗೆಳೆಯರಿಗೆ ಮೊದಲ ಕ್ಷಣದಿಂದಲೇ "ಡು". ನೆರೆಮನೆಯ ಹಿರಿಯರಿಗೆ, ಅತ್ತೆಯ ಸ್ನೇಹಿತೆಯರಿಗೆ "ಸೀ", ಜತೆಗೆ ಮನೆತನದ ಹೆಸರು.

ಕಾಲಿಗೆ ಬಗ್ಗಿದರೆ ಏನೋ ಬಿದ್ದಿತೆಂದು ಅವರೂ ಬಗ್ಗುತ್ತಾರೆ. ಗಂಡ ಮುಂಚಿತವಾಗಿ ವಿವರಿಸಿದ್ದರೆ ಮಾಡಿ, ಇಲ್ಲದಿದ್ದರೆ ಕೈ ಕುಲುಕಿ, ಕಣ್ಣು ನೋಡಿ. ತಲೆ ತಗ್ಗಿಸುವುದು ನಮಗೆ ವಿನಯ, ಅಲ್ಲಿ ಅದನ್ನು ಅನಾಸಕ್ತಿ ಅಂದುಕೊಳ್ಳುತ್ತಾರೆ.

ತಂಗಿ ಹೇಳುತ್ತಾಳೆ, ಅಲ್ಲಿ ಯಾರೂ ಬಲವಂತ ಮಾಡಿ ಬಡಿಸುವುದಿಲ್ಲ, ಸಂಕೋಚ ಪಟ್ಟರೆ ಉಪವಾಸವೇ ಎಂದು. ನಿಜವೇ?
*— ದಾವಣಗೆರೆಯ ಓದುಗರು*

ಅಕ್ಷರಶಃ ನಿಜ. ಈ ಅಂಕಣದ ಅರ್ಧ ಪ್ರಶ್ನೆಗಳ ಬೇರು ಇಲ್ಲೇ ಇದೆ. ನಮ್ಮಲ್ಲಿ ಮೊದಲನೆಯ "ಬೇಡ" ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯದಕ್ಕೆ ಮಾತ್ರ ಅರ್ಥವಿದೆ, ಅದಕ್ಕೂ ಒಂದು ಸೌಟು ಬೀಳುತ್ತದೆ. ಅಲ್ಲಿ ಮೊದಲನೆಯದೇ ಕೊನೆಯದು. ಬೇಡ ಎಂದವರಿಗೆ ಮತ್ತೆ ಮತ್ತೆ ಬಡಿಸಹೋದರೆ ಅವರ ಮಾತಿಗೆ ಬೆಲೆ ಕೊಡದಂತೆ ಎಂಬುದು ಅವರ ಲೆಕ್ಕ.

ಒಂದು ಪದದ ಬಗ್ಗೆ ಎಚ್ಚರ. ಕೇಕ್ ತಟ್ಟೆ ಮುಂದೆ ಹಿಡಿದಾಗ ಬರೀ "ಡಾಂಕೆ" ಎಂದರೆ "ಬೇಡ, ಥ್ಯಾಂಕ್ಸ್" ಎಂದೇ ಅರ್ಥ. ಥ್ಯಾಂಕ್ಸ್ ಹೇಳಿ ಕೈ ಚಾಚುವಷ್ಟರಲ್ಲಿ ತಟ್ಟೆ ಪಕ್ಕದವರ ಬಳಿ ಇರುತ್ತದೆ. ಬೇಕಿದ್ದರೆ "ಯಾ, ಗೆರ್ನ್" (ಹೂಂ, ಖುಷಿಯಿಂದ) ಅನ್ನಿ, ಆಮೇಲೆ ಡಾಂಕೆ.

ಯಾವ ಊಟಕ್ಕೆ ಕರೆದರು ಎಂಬುದನ್ನೂ ಕೇಳಿಟ್ಟುಕೊಳ್ಳಿ. "ಕಾಫಿಗೆ ಬನ್ನಿ" ಎಂದರೆ ಮಧ್ಯಾಹ್ನ 3ರಿಂದ 4ರ ಹೊತ್ತು, ಕಾಫಿ ಮತ್ತು ಕೇಕ್. ಉಳಿಯಿರಿ ಎಂದು ಬಾಯಿಬಿಟ್ಟು ಹೇಳದಿದ್ದರೆ ರಾತ್ರಿಯ ಊಟಕ್ಕೆ ಮುನ್ನ ಏಳಬೇಕು. "ಆಬೆಂಡ್‌ಬ್ರೋಟ್" ಎಂದರೆ ಹೆಸರೇ ಹೇಳುವಂತೆ ಸಂಜೆಯ ಬ್ರೆಡ್: ಗಟ್ಟಿ ಬ್ರೆಡ್, ಬೆಣ್ಣೆ, ಚೀಸ್, ಉಪ್ಪಿನಕಾಯಿ ಸೌತೆ, ಮಾಂಸದ ಹೋಳು. ಬಿಸಿ ಅಡುಗೆ ಇರುವುದಿಲ್ಲ. ಅದು ನಿಮ್ಮ ಮೇಲಿನ ಅಸಡ್ಡೆಯಲ್ಲ, ದಿನಾ ಅವರೂ ತಿನ್ನುವುದು ಅದನ್ನೇ.

ಇದರ ಇನ್ನೊಂದು ಮುಖವೂ ಇದೆ. ಹೊರಡುವಾಗ ನೀವು ಲೋಕಾಭಿರಾಮವಾಗಿ "ಒಂದಿನ ಊಟಕ್ಕೆ ಬನ್ನಿ" ಎಂದರೆ, ಅವರು ಫೋನ್ ತೆಗೆದು ಕ್ಯಾಲೆಂಡರ್ ನೋಡಿ "ಯಾವಾಗ?" ಎನ್ನುತ್ತಾರೆ. ಮನಸ್ಸಿಲ್ಲದಿದ್ದರೆ ಕರೆಯಬೇಡಿ.

ಹೆಂಡತಿಯ ಗೆಳೆಯರು ತೋಟದಲ್ಲಿ ಗ್ರಿಲ್ ಪಾರ್ಟಿ ಇಟ್ಟಿದ್ದಾರೆ. ನಾನು ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಏನು ನೋಡಿಕೊಳ್ಳಬೇಕು? ಏನು ಒಯ್ಯಬೇಕು?
*— ಉಡುಪಿಯ ಓದುಗರು*

ಜರ್ಮನಿಯಲ್ಲಿ ಸಸ್ಯಾಹಾರ ಈಗ ಮಾಮೂಲು, ಯಾರೂ ಹುಬ್ಬೇರಿಸುವುದಿಲ್ಲ. ಆದರೆ "ವೆಗೆಟಾರಿಶ್" ಎಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ನಡೆಯುತ್ತದೆ. "ಓನೆ ಐ" ಅಂದರೆ ಮೊಟ್ಟೆ ಇಲ್ಲದೆ ಎಂದು ಸೇರಿಸಬೇಕು, ಅದನ್ನು ಕನಿಷ್ಠ ಒಂದು ವಾರ ಮುಂಚೆ ಹೇಳಿ. ಬಾಗಿಲಲ್ಲಿ ನಿಂತು ಹೇಳಿದರೆ ಅಡುಗೆ ಮಾಡಿದವರಿಗೆ ನಿಜಕ್ಕೂ ಬೇಸರ.

ಮಾಂಸ ಕಣ್ಣಿಗೆ ಕಾಣದ ಜಾಗಗಳಿವೆ. ಹುರುಳಿಕಾಯಿ, ಆಲೂಗಡ್ಡೆ ಸಲಾಡ್, ಹುರಿದ ಆಲೂಗಡ್ಡೆಗಳಲ್ಲಿ "ಷ್ಪೆಕ್" ಎಂಬ ಹಂದಿ ಕೊಬ್ಬಿನ ಸಣ್ಣ ಚೂರು ಇರುತ್ತದೆ. ತೆಳ್ಳನೆಯ ರೊಟ್ಟಿಯಂಥ ಫ್ಲಾಮ್‌ಕೂಖೆನ್‌ನ ಮೇಲೂ ಅದೇ. ಕೆಂಪು ಎಲೆಕೋಸಿನ ಪಲ್ಯವನ್ನು ಹಂದಿ ಅಥವಾ ಬಾತುಕೋಳಿ ಕೊಬ್ಬಿನಲ್ಲಿ ಮಾಡುವುದುಂಟು. ಬ್ರೆಡ್ ಜತೆ ಬಿಳಿ ಬೆಣ್ಣೆಯಂತೆ ಕಾಣುವುದು "ಷ್ಮಾಲ್ಟ್ಸ್" ಆಗಿದ್ದರೆ ಅದು ಹಂದಿ ಕೊಬ್ಬೇ. ಮಕ್ಕಳ ರಬ್ಬರಿನಂಥ ಮಿಠಾಯಿಯಲ್ಲಿ, ಕೆಲವು ಸಿಹಿ ಕ್ರೀಮುಗಳಲ್ಲಿ ಪ್ರಾಣಿಯ ಮೂಳೆ-ಚರ್ಮದ ಜೆಲಾಟಿನ್. ಷ್ಪೇಟ್ಸ್ಲೆ ಎಂಬ ಶಾವಿಗೆಯಲ್ಲಿ ಮೊಟ್ಟೆ ತಪ್ಪದು.

ಗ್ರಿಲ್ ಪಾರ್ಟಿಗೆ ತಾವು ಸುಡುವುದನ್ನು ತಾವೇ ತರುವುದು, ಜತೆಗೆ ಎಲ್ಲರಿಗೂ ಒಂದು ಸಲಾಡ್ ತರುವುದು ರೂಢಿ. ಏನು ತರಲಿ ಎಂದು ಕೇಳಿ. "ಏನೂ ಬೇಡ" ಎಂದರೆ ಒಂದು ಬಾಟಲಿ ಪಾನೀಯ ಸಾಕು. ಸುಡಲು ಪನೀರ್ ಮನೆಯಲ್ಲೇ ಮಾಡಿ ಒಯ್ಯಿರಿ. ಅಂಗಡಿಯಲ್ಲಿ 3.5% ಕೊಬ್ಬಿನ "ಫ್ರಿಶೆ ಫೋಲ್‌ಮಿಲ್ಖ್" (ತಾಜಾ ಗಟ್ಟಿ ಹಾಲು) 2 ಲೀಟರ್ ತನ್ನಿ. ಪಕ್ಕದಲ್ಲೇ ಅಗ್ಗದ "ಎಚ್-ಮಿಲ್ಖ್" ಇರುತ್ತದೆ, ಮುಟ್ಟಬೇಡಿ. ಅತಿ ಹೆಚ್ಚು ಶಾಖಕ್ಕೆ ಒಡ್ಡಿದ ಹಾಲು ಅದು, ಒಡೆದರೂ ಮೆತ್ತಗಿನ ಪುಡಿಯಾಗುತ್ತದೆ ಹೊರತು ಗಡ್ಡೆ ಕಟ್ಟುವುದಿಲ್ಲ, ಕಡ್ಡಿಗೆ ಸಿಕ್ಕಿಸಿದರೆ ಉದುರುತ್ತದೆ. ಹಾಲು ಉಕ್ಕಿದ ಕೂಡಲೇ ಒಲೆ ಆರಿಸಿ, 4 ದೊಡ್ಡ ಚಮಚ ನಿಂಬೆರಸ ಸ್ವಲ್ಪಸ್ವಲ್ಪವೇ ಹಾಕಿ, ಹಸಿರು ನೀರು ಬಿಟ್ಟ ಮೇಲೆ ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ಭಾರ ಇಡಿ. 300 ಗ್ರಾಂ ಮೇಲೆ ಸಿಗುತ್ತದೆ. ನಿಂಬೆಗೆ ಬದಲು ವಿನೆಗರ್ ಹಾಕುವವರು ಬಾಟಲಿ ಓದಿ: "ಎಸಿಗ್-ಎಸೆನ್ಸ್" ಎಂಬುದು 25% ಆಮ್ಲ, ಸಾಮಾನ್ಯ ವಿನೆಗರಿನ ಐದು ಪಟ್ಟು. ಮಾಂಸ ಸುಡುವ ಜಾಲರಿಯೇ ಎಲ್ಲರದೂ ಆದ್ದರಿಂದ ಒಂದು ತಟ್ಟೆ ಮತ್ತು ಒಂದು ಇಕ್ಕಳ ನಿಮಗೇ ಬೇರೆ ಇಟ್ಟುಕೊಳ್ಳಿ. ಕೇಳಿದರೆ ಕೊಡುತ್ತಾರೆ.

ಗೆಳೆಯರಿಗೆಲ್ಲ ನಮ್ಮ ಅಡುಗೆ ಮಾಡಿ ಬಡಿಸುವ ಆಸೆ. ಎಂಟು ಜನಕ್ಕೆ ಬಿಸಿಬೇಳೆಬಾತ್ ಆದೀತೇ?
*— ತುಮಕೂರಿನ ಓದುಗಿ*

ಆದೀತು, ಕುಕ್ಕರ್ ಇಲ್ಲದೆಯೂ. ಅಕ್ಕಿ 400 ಗ್ರಾಂ, ತೊಗರಿಬೇಳೆ 300 ಗ್ರಾಂ, ತರಕಾರಿ 600 ಗ್ರಾಂ ಲೆಕ್ಕ ಹಿಡಿಯಿರಿ. ತೊಗರಿಬೇಳೆ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವುದು ಅಪರೂಪ, ಇಂಡಿಯನ್ ಅಂಗಡಿಗೆ ಹೋಗಬೇಕು. ಸೂಪರ್‌ಮಾರ್ಕೆಟ್‌ನ ಕೆಂಪು ಬೇಳೆ ನಮ್ಮ ಮಸೂರ್. 15 ನಿಮಿಷಕ್ಕೆ ಕರಗುತ್ತದೆ, ರುಚಿ ಬೇರೆ. ತೊಗರಿಬೇಳೆಯನ್ನು ಒಂದು ಗಂಟೆ ನೆನೆಸಿ, ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಮ್ಯೂನಿಕ್‌ನಂಥ ಊರುಗಳಲ್ಲಿ ನೀರು ಗಡಸು, ಬೇಳೆ ಹಟ ಮಾಡುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿ, ಉಪ್ಪು-ಹುಣಸೆಯನ್ನು ಬೇಳೆ ಪೂರ್ತಿ ಬೆಂದ ಮೇಲೆಯೇ ಸೇರಿಸಿ. ತುಪ್ಪ ಹೊತ್ತೊಯ್ಯಬೇಕಿಲ್ಲ, "ಬುಟರ್‌ಷ್ಮಾಲ್ಟ್ಸ್" ಎಂದು ಡಬ್ಬಿಯಲ್ಲಿ ಸಿಗುವುದು ತುಪ್ಪವೇ. ಮೇಲೆ ಹೇಳಿದ ಬರೀ ಷ್ಮಾಲ್ಟ್ಸ್ ಜತೆ ಗೊಂದಲ ಬೇಡ. ಪುಡಿಯನ್ನು ನಮ್ಮ ಅಳತೆಯ ಅರ್ಧ ಹಾಕಿ, ಉಳಿದ ಖಾರ ಪಕ್ಕದಲ್ಲಿಡಿ.

ಕೈಕೊಡುವುದು ಒಗ್ಗರಣೆ. ಅಲ್ಲಿನ ಮನೆಗಳಲ್ಲಿ ಮಲಗುವ ಕೋಣೆಗೂ ಓಡಾಡುವ ಪ್ಯಾಸೇಜಿಗೂ ಹೊಗೆ ಎಚ್ಚರಿಕೆ ಗಂಟೆ ಕಡ್ಡಾಯ. ಒಲೆಯ ಮೇಲಿನ ಚಿಮಣಿ ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಹೊರಗೆ ಬಿಡುವುದಿಲ್ಲ, ಸೋಸಿ ಮತ್ತೆ ಒಳಗೇ ಊದುತ್ತದೆ. ಎಣ್ಣೆಗೆ ಬ್ಯಾಡಗಿ ಮೆಣಸಿನಕಾಯಿ ಬಿದ್ದು ಘಾಟು ಎದ್ದರೆ ಮೊದಲು ಎಲ್ಲರಿಗೂ ಕೆಮ್ಮು, ಆಮೇಲೆ ಗಂಟೆ. ಎಣ್ಣೆ ಇಡುವ ಮುಂಚೆಯೇ ಕಿಟಕಿ ಪೂರ್ತಿ ತೆರೆದು, ಅಡುಗೆಮನೆ ಬಾಗಿಲು ಮುಚ್ಚಿ. ಗಾಜಿನ ವಿದ್ಯುತ್ ಒಲೆ ಆರಿಸಿದ ಮೇಲೂ ಕೆಲವು ನಿಮಿಷ ಕಾದೇ ಇರುತ್ತದೆ, ಸಾಸಿವೆ ಸಿಡಿದ ಕ್ಷಣ ಪಾತ್ರೆಯನ್ನೇ ಕೆಳಗಿಳಿಸಿ. ತಳ ಚಪ್ಪಟೆಯಿಲ್ಲದ ಒಗ್ಗರಣೆ ಸೌಟು ಆ ಒಲೆಗೆ ಆಗದು.

ಗೋಡಂಬಿ, ಶೇಂಗಾ ಹಾಕಿದ್ದರೆ ಬಡಿಸುವ ಮುಂಚೆ ಹೇಳಿ. ಅಲರ್ಜಿಯ ಬಗ್ಗೆ ಅವರು ಕೇಳಿಯೇ ಕೇಳುತ್ತಾರೆ. ಭಾನುವಾರದ ಊಟಕ್ಕೆ ಶನಿವಾರವೇ ಸಾಮಾನು ತನ್ನಿ, ಭಾನುವಾರ ಅಂಗಡಿ ಮುಚ್ಚಿರುತ್ತವೆ. ಅಂದ ಹಾಗೆ ಏಳು ಗಂಟೆಗೆ ಕರೆದರೆ ಏಳಕ್ಕೋ ಏಳೂ ಐದಕ್ಕೋ ಗಂಟೆ ಒತ್ತುತ್ತಾರೆ. ಏಳೂವರೆಗೆ ಸ್ನಾನಕ್ಕೆ ಹೊರಡುವ ನಮ್ಮ ಅಭ್ಯಾಸ ಅಲ್ಲಿ ನಡೆಯದು.

ನಾನು ಕುಡಿಯುವುದಿಲ್ಲ. ಎಲ್ಲರೂ ಲೋಟ ಎತ್ತುವಾಗ ಏನು ಮಾಡಲಿ? ಹೋಟೆಲ್ ಬಿಲ್ ಯಾರು ಕೊಡುತ್ತಾರೆ?
*— ಬೆಳಗಾವಿಯ ಓದುಗರು*

"ಆಪ್ಫೆಲ್‌ಶೋರ್ಲೆ" ಕೇಳಿ: ಸೇಬಿನ ರಸಕ್ಕೆ ಗುಳ್ಳೆನೀರು ಬೆರೆಸಿದ್ದು, ಬಿಯರ್‌ನಂತೆಯೇ ಕಾಣುತ್ತದೆ, ವಿವರಣೆಯೂ ಬೇಕಿಲ್ಲ. ಲೋಟ ತಾಗಿಸುವಾಗ "ಪ್ರೋಸ್ಟ್" ಎಂದು ಪ್ರತಿಯೊಬ್ಬರ ಕಣ್ಣು ನೋಡಬೇಕು. ಲೋಟ ನೋಡಿದರೆ ಛೇಡಿಸುತ್ತಾರೆ. ಬರೀ ನೀರು ಕೇಳಿದರೆ ಗುಳ್ಳೆನೀರೇ ಬರುವುದು, ಸಾದಾ ಬೇಕಿದ್ದರೆ "ಷ್ಟಿಲ್ಲೆಸ್ ವಾಸರ್". ಎರಡಕ್ಕೂ ದುಡ್ಡು.

ಬಿಲ್ ಬಂದಾಗ "ಬೇರೆಬೇರೆಯೋ ಒಟ್ಟಿಗೋ" ಎಂದು ಮಾಣಿ ಕೇಳುತ್ತಾರೆ. ತಮ್ಮದು ತಾವು ಕೊಡುವುದು ಅಲ್ಲಿಯ ಪದ್ಧತಿ. ಕೈ ಹಿಡಿದೆಳೆದು ಜಗಳವಾಡಬೇಡಿ. ಟಿಪ್ಸ್ ಮೇಜಿನ ಮೇಲೆ ಬಿಟ್ಟು ಬರುವುದಲ್ಲ. 27.40 ಯೂರೊ ಬಿಲ್ ಆದರೆ ಕೊಡುವಾಗಲೇ "30" ಎನ್ನಿ, ಅಷ್ಟನ್ನೇ ಹಿಡಿದುಕೊಳ್ಳುತ್ತಾರೆ. ಹುಟ್ಟುಹಬ್ಬಕ್ಕೆ ಕರೆದವರು ಮಾತ್ರ ತಾವೇ ಕೊಡುತ್ತಾರೆ. ಆ ಶುಭಾಶಯವನ್ನು ಒಂದು ದಿನ ಮುಂಚೆ ಹೇಳಬೇಡಿ, ಅಪಶಕುನ ಎಂದು ನಂಬುತ್ತಾರೆ.

ಎಲ್ಲರಿಗೂ ಇಂಗ್ಲಿಷ್ ಬರುತ್ತದಂತೆ, ಆದರೂ ಅರ್ಧ ಗಂಟೆಯಾದ ಮೇಲೆ ಜರ್ಮನ್‌ಗೆ ಜಾರಿಬಿಡುತ್ತಾರಂತೆ. ಮೂಕನಂತೆ ಕೂರಬೇಕೇ?
*— ಬೆಂಗಳೂರಿನ ಓದುಗರು*

ಜಾರುತ್ತಾರೆ, ಬೇಕೆಂದಲ್ಲ. ನಮ್ಮವರು ನಾಲ್ಕು ಜನ ಸೇರಿದರೆ ಜತೆಗಿರುವ ಜರ್ಮನ್ ಸೊಸೆಗೆ ಏನಾಗುತ್ತದೋ ಅದೇ. ಹೆಂಡತಿಯನ್ನು ಸಾಲುಸಾಲಿಗೆ ಅನುವಾದ ಕೇಳಬೇಡಿ. ಜರ್ಮನ್‌ನ ಉಪವಾಕ್ಯಗಳಲ್ಲಿ ಕನ್ನಡದಂತೆಯೇ ಕ್ರಿಯಾಪದ ಕೊನೆಗೆ ಬರುತ್ತದೆ. ಮಾತು ಮುಗಿಯುವ ತನಕ ಅನುವಾದ ಶುರುವಾಗದು, ಅಷ್ಟರಲ್ಲಿ ನಗು ಮುಗಿದಿರುತ್ತದೆ. ವಿಷಯ ಏನೆಂದು ಒಂದೇ ಪದ ಹೇಳು ಅನ್ನಿ: "ಬಾಡಿಗೆ", "ಫುಟ್‌ಬಾಲ್", "ಹಳೇ ಟೀಚರ್". ಅಷ್ಟು ಗೊತ್ತಾದರೆ ಪಕ್ಕದವರನ್ನು ನೀವೇ ಪ್ರಶ್ನೆ ಕೇಳಬಹುದು. ಹೆಂಡತಿಯ ಪಕ್ಕ ಕೂರಬೇಡಿ, ಮೇಜಿನ ತುದಿಯಲ್ಲಿ ಕೂತರೆ ಇಬ್ಬರು-ಮೂವರ ಮಾತು ಸುಲಭ. ಲೈಪ್‌ಜಿಗ್, ಡ್ರೆಸ್ಡೆನ್ ಕಡೆ ಐವತ್ತೈದು ದಾಟಿದವರು ಶಾಲೆಯಲ್ಲಿ ಕಲಿತದ್ದು ಮುಖ್ಯವಾಗಿ ರಷ್ಯನ್. ಅಲ್ಲಿ ಇಂಗ್ಲಿಷ್ ನೆಚ್ಚಬೇಡಿ.

ಮೊದಲ ಭೇಟಿಯನ್ನು ಬೋರ್ಡ್ ಆಟದ ಸಂಜೆಯಾಗಿಸಲು ಹೇಳಿ. ಜರ್ಮನರಿಗೆ ಅದು ಪ್ರಾಣ. ಕ್ಲಾಸ್ ಟಾಯ್ಬರ್ 1995ರಲ್ಲಿ ತಂದ ಕಟಾನ್ ಇಲ್ಲದ ಮನೆ ಕಮ್ಮಿ. ಭಾಷೆಯೇ ಬೇಡದ ಆಟ ಬೇಕಿದ್ದರೆ ಬಣ್ಣ-ಆಕಾರ ಜೋಡಿಸುವ ಕ್ವಿರ್ಕಲ್.

ಗಂಡನ ಗುಂಪಿನಲ್ಲಿ ಅವರ ಹಳೆಯ ಗೆಳತಿಯೂ ಇದ್ದಾಳೆ, ಊಟಕ್ಕೆ ಕರೆದಿದ್ದಾಳೆ. ಇದು ಅಲ್ಲಿ ಸಾಮಾನ್ಯವೇ?
*— ಹೆಸರು, ಊರು ಬೇಡ*

ಸಾಮಾನ್ಯ. ಬೇರೆಯಾದ ಮೇಲೂ ಸ್ನೇಹ ಉಳಿಸಿಕೊಳ್ಳುವುದು ಅಲ್ಲಿ ಕಂಡುಬರುವಂಥದ್ದೇ, ಮುಚ್ಚಿಡದೆ ಕರೆದದ್ದೇ ಅದಕ್ಕೆ ಸಾಕ್ಷಿ. ಹಾಗೆಂದು ನಿಮಗೆ ಮುಜುಗರವಾಗಬಾರದು ಎಂದಲ್ಲ. ಹೋಗಲು ಮನಸ್ಸಿಲ್ಲದಿದ್ದರೆ ಹೋಗಬೇಡಿ, ಆದರೆ ಅದನ್ನು ಇಲ್ಲಿಂದ ಹೊರಡುವ ಮುಂಚೆ ಗಂಡನಿಗೆ ಬಾಯಿಬಿಟ್ಟು ಹೇಳಿ. ಮುಖ ಊದಿಸಿಕೊಂಡರೆ ಅರ್ಥ ಮಾಡಿಕೊಂಡಾರು ಎಂದು ಕಾಯಬೇಡಿ, ಜರ್ಮನ್ ಗಂಡಂದಿರಿಗೆ ಆ ಭಾಷೆ ಬಾರದು. ಯಾರು ಯಾರಿಗೆ ಏನಾಗಿದ್ದರು ಎಂಬ ಪಟ್ಟಿಯನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ನೀವು ಜರ್ಮನ್ ಕಲಿಯುತ್ತಿದ್ದರೆ ಒಂದು ಎಚ್ಚರಿಕೆ: "ಮೈನ್ ಫ್ರಾಯಂಡ್" ಎಂದರೆ ಸಾಮಾನ್ಯವಾಗಿ ಪ್ರಿಯಕರ. ಬರೀ ಸ್ನೇಹಿತನಾದರೆ "ಐನ್ ಫ್ರಾಯಂಡ್ ಫೊನ್ ಮಿಯರ್". ಆಫೀಸಿನ ಸಹೋದ್ಯೋಗಿಯ ಫೋಟೊ ತೋರಿಸಿ ಮೊದಲನೆಯದನ್ನು ಹೇಳಿದರೆ ಮೇಜು ನಿಶ್ಶಬ್ದವಾಗುತ್ತದೆ.

ಗೆಳೆಯರು ಸೌನಾಗೆ (ಕೂತು ಬೆವರಿಳಿಸುವ ಬಿಸಿ ಕೋಣೆ) ಕರೆದಿದ್ದಾರೆ. ಈಜುಡುಗೆ ಒಯ್ಯಲೇ?
*— ಕಲಬುರಗಿಯ ಓದುಗರು*

ಒಯ್ದರೂ ಬಳಸಲು ಬಿಡಲಿಕ್ಕಿಲ್ಲ. ಜರ್ಮನಿಯ ಬಹುತೇಕ ಸೌನಾಗಳಲ್ಲಿ ಗಂಡು-ಹೆಣ್ಣು ಒಟ್ಟಿಗೆ, ಬಟ್ಟೆಯಿಲ್ಲದೆ ಕೂರುತ್ತಾರೆ. ಬೆವರು ಮರದ ಹಲಗೆಗೆ ತಾಗದಂತೆ ದೊಡ್ಡ ಟವೆಲ್ ಹಾಸಿಕೊಳ್ಳುವುದು ಕಡ್ಡಾಯ. ಒಗ್ಗದಿದ್ದರೆ ಈಜುಕೊಳಕ್ಕೆ ಬರುತ್ತೇನೆ, ಸೌನಾಗೆ ಇಲ್ಲ ಅನ್ನಿ. ಮೊದಲನೆಯ "ಇಲ್ಲ" ಸಾಕು, ಯಾರೂ ಒತ್ತಾಯಿಸುವುದಿಲ್ಲ.

ಹತ್ತು-ಹನ್ನೆರಡು ಜನ ಕೂತ ಮೇಜಿಗೆ ತಡವಾಗಿ ಹೋದರೆ ಎಲ್ಲರ ಕೈಯನ್ನೂ ಕುಲುಕಬೇಕೇ?
*— ಹಾಸನದ ಓದುಗರು*

ಮನೆಯಲ್ಲಾದರೆ ಕುಲುಕಿ. ಬಿಯರ್ ಅಂಗಡಿಯ ಉದ್ದ ಮೇಜಾದರೆ ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ಕುಟ್ಟಿ, "ಹಲೋ" ಅಂದು ಕೂತುಬಿಡಿ. ಹೊರಡುವಾಗಲೂ ಹಾಗೇ.